ದಿಢೀರ್ ಆಫ್ ಆಗುವ ಕಂಪ್ಯೂಟರ್‌ಗೆ ಫಾರ್ಮ್ಯಾಟ್ ಮದ್ದಲ್ಲ

ಕೆಲಸದ ನಡುವೆ ಡೆಸ್ಕ್‌ಟಾಪ್ ಕಂಪ್ಯೂಟರ್ ತಾನಾಗಿಯೇ ಆಫ್ ಆಗುವುದರ ಹಿಂದೆ ಬಹುಪಾಲು ಸಲ ಇರುವುದು ಬಿಸಿ, ಇಲ್ಲವೇ ಕರೆಂಟು. ಆದರೆ ರಿಪೇರಿ ಮಾತ್ರ ವಿಂಡೋಸ್ ಫಾರ್ಮ್ಯಾಟ್ ಮಾಡುವುದರಿಂದಲೇ ಶುರುವಾಗುತ್ತದೆ. ದುಡ್ಡು ಹೋಗುತ್ತದೆ, ಬ್ಯಾಕಪ್ ಇಲ್ಲದಿದ್ದರೆ ಫೈಲುಗಳೂ ಹೋಗುತ್ತವೆ. ಎರಡು ದಿನಕ್ಕೆ ಅದೇ ತೊಂದರೆ ಮರಳುತ್ತದೆ. ತಂತ್ರಾಂಶ ಕೆಟ್ಟರೆ ಕಂಪ್ಯೂಟರ್ ಹ್ಯಾಂಗ್ ಆಗುತ್ತದೆ, ನೀಲಿ ಪರದೆ ತೋರಿಸುತ್ತದೆ ಅಥವಾ ರೀಸ್ಟಾರ್ಟ್ ಆಗುತ್ತದೆ. ಪ್ಲಗ್ ಕಿತ್ತಂತೆ ಒಮ್ಮೆಲೇ ಕಪ್ಪಾಗುವುದು ಅಪರೂಪ.

ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಮೊದಲ ಸುಳಿವು ಸಿಗುತ್ತದೆ. ಅಲ್ಲಿ 1074 ಎಂಬ ಸಂಖ್ಯೆ ಇದ್ದರೆ ಯಾವುದೋ ಪ್ರೋಗ್ರಾಂ ಅಥವಾ ಅಪ್‌ಡೇಟ್ ಶಟ್‌ಡೌನ್‌ಗೆ ಆದೇಶ ಕೊಟ್ಟಿದೆ ಎಂದರ್ಥ. ಅದರ ಹೆಸರೂ ಜೊತೆಗೇ ಇರುತ್ತದೆ. 41 ಇದ್ದರೆ ಕಂಪ್ಯೂಟರ್ ಸರಿಯಾಗಿ ಮುಚ್ಚಿಕೊಳ್ಳದೆ ನಿಂತಿದೆ ಎಂದಷ್ಟೇ ತಿಳಿಯಬೇಕು. ಮತ್ತೆ ಆನ್ ಮಾಡಿದಾಗ ಬರೆಯುವ ಈ ದಾಖಲೆಯನ್ನೇ ರೋಗದ ಹೆಸರೆಂದು ತಿಳಿಯುವುದು ತಪ್ಪು.

ಎರಡನೆಯ ಸುಳಿವು, ಆಫ್ ಆಗುವ ಹೊತ್ತು. ಆನ್ ಮಾಡಿದ ಇಪ್ಪತ್ತು ನಿಮಿಷಕ್ಕೋ ಗೇಮ್, ವಿಡಿಯೊ ಎಡಿಟಿಂಗ್ ನಡೆಯುವಾಗಲೋ ಆಫ್ ಆದರೆ ಮೊದಲ ಅನುಮಾನ ಬಿಸಿಯ ಮೇಲೆ. ಪ್ರೊಸೆಸರ್‌ಗಳು ಸುಮಾರು 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಮೊದಲು ವೇಗ ತಗ್ಗಿಸುತ್ತವೆ. ಬಿಸಿ ಇನ್ನೂ ಏರಿದರೆ ಸುಟ್ಟುಹೋಗದಂತೆ ಕರೆಂಟನ್ನೇ ಕಡಿಯುತ್ತವೆ. ಕ್ಯಾಬಿನೆಟ್ ಬಿಚ್ಚಿದರೆ ಕಾರಣ ಕಣ್ಣಿಗೇ ಕಾಣುವುದುಂಟು: ಫ್ಯಾನ್‌ನ ಅಡಿಯಲ್ಲಿ ಹೀಟ್‌ಸಿಂಕ್‌ನ ಅಲ್ಯೂಮಿನಿಯಂ ಪದರಗಳ ನಡುವೆ ದೂಳು ಕಂಬಳಿಯಂತೆ ಹೆಪ್ಪುಗಟ್ಟಿರುತ್ತದೆ. ಕೂಲರನ್ನು ಹಿಡಿದಿಡುವ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳಲ್ಲಿ ಒಂದು ಸಡಿಲವಾಗಿದ್ದರೂ ಸಾಕು, ಬಿಸಿ ಏರುತ್ತದೆ. ಪ್ಲಗ್ ತೆಗೆದು, ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು ದೂಳು ಊದಬೇಕು. ಕೂಲರ್ ಬಿಚ್ಚಿದರೆ ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದನ್ನು ಹಚ್ಚಲೇಬೇಕು.

ತಾಪಮಾನ ಸರಿಯಿದ್ದೂ ಆಫ್ ಆಗುತ್ತಿದ್ದರೆ ನೋಡಬೇಕಾದದ್ದು ಎಸ್‌ಎಂಪಿಎಸ್. ಕಂಪ್ಯೂಟರ್ ಜೋಡಿಸುವಾಗ ಪ್ರೊಸೆಸರ್‌ಗೆ, ಗ್ರಾಫಿಕ್ಸ್ ಕಾರ್ಡ್‌ಗೆ ಧಾರಾಳವಾಗಿ ಖರ್ಚು ಮಾಡುವವರು ಜಿಪುಣತನ ತೋರುವುದು ಇದರಲ್ಲೇ. ಎಲ್ಲ ಭಾಗಗಳಿಗೂ ಕರೆಂಟು ಹಂಚುವ ಪೆಟ್ಟಿಗೆಯಲ್ಲಿ ಉಳಿತಾಯ ಮಾಡುವುದು ಅಡಿಪಾಯದ ಸಿಮೆಂಟಿನಲ್ಲಿ ಉಳಿಸಿದಂತೆ. 12 ವೋಲ್ಟ್‌ನ ತಂತಿಯಲ್ಲಿ 11.4ರಿಂದ 12.6ರ ನಡುವೆ ವೋಲ್ಟೇಜ್ ಇರಬೇಕು. ಕೆಲಸದ ಹೊರೆ ಬಿದ್ದಾಗ ಅದು ಇನ್ನೂ ಕೆಳಗಿಳಿದರೆ ಎಸ್‌ಎಂಪಿಎಸ್ ಸೋತಿದೆ ಎಂದೇ ಲೆಕ್ಕ. ಆದರೆ ಆ ಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚಲೇಬಾರದು. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು; ಅದು ಜೀವಕ್ಕೇ ಅಪಾಯ.

ಪಂಪು, ಫ್ರಿಜ್ ಚಾಲೂ ಆದಾಗ ಅಥವಾ ಕರೆಂಟು ಒಂದು ಕ್ಷಣ ಮಿಣುಕಿದಾಗ ಆಫ್ ಆದರೆ ದೋಷ ಹೊರಗಿನದು. ಎಸ್‌ಎಂಪಿಎಸ್ ಕರೆಂಟಿಲ್ಲದೆ ತಡೆದುಕೊಳ್ಳುವುದು ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಹೊತ್ತು ಮಾತ್ರ. ಅಷ್ಟರೊಳಗೆ ಯುಪಿಎಸ್ ಕೈಹಿಡಿಯಬೇಕು. ಅದರ ಬ್ಯಾಟರಿ ಎರಡು-ಮೂರು ವರ್ಷಕ್ಕೆ ಸವೆದಿರುತ್ತದೆ, ದೀಪ ಮಾತ್ರ ಹಸಿರಾಗಿಯೇ ಉರಿಯುತ್ತಿರಬಹುದು. ಸಣ್ಣ ಕಚೇರಿಗಳಲ್ಲಿ ಪ್ರಿಂಟ್ ಕೊಟ್ಟಾಗಲೆಲ್ಲ ಕಂಪ್ಯೂಟರ್ ಆಫ್ ಆಗುವುದಕ್ಕೆ ಲೇಸರ್ ಪ್ರಿಂಟರನ್ನೂ ಅದೇ ಯುಪಿಎಸ್‌ಗೆ ಚುಚ್ಚಿರುವುದು ಕಾರಣವಾಗಿರಬಹುದು. ಪ್ರಿಂಟರ್ ಬಿಸಿಯೇರುವಾಗ ಒಮ್ಮೆಲೇ ಎಳೆಯುವ ಕರೆಂಟನ್ನು ಚಿಕ್ಕ ಯುಪಿಎಸ್ ತಾಳದು. ಪ್ರಿಂಟರನ್ನು ನೇರವಾಗಿ ಗೋಡೆಯ ಸಾಕೆಟ್‌ಗೆ ಹಾಕಬೇಕು.

ಇಷ್ಟಾದ ಮೇಲೂ ತೊಂದರೆ ಉಳಿದರೆ ಸರದಿ ಮದರ್‌ಬೋರ್ಡ್‌ನದು. ಉಬ್ಬಿದ ಕೆಪಾಸಿಟರ್, ಸಡಿಲ ಕನೆಕ್ಟರ್, ಒಳಗೇ ಸಿಕ್ಕಿಕೊಂಡ ಪವರ್ ಬಟನ್ ಇವನ್ನು ನೋಡಬೇಕು. ಬಟನ್ ನಾಲ್ಕು ಸೆಕೆಂಡು ಅದುಮಿದಂತೆ ನಿಂತರೂ ಕಂಪ್ಯೂಟರ್ ಆಫ್ ಆಗುತ್ತದೆ. ಬೇರೆ ಎಸ್‌ಎಂಪಿಎಸ್ ಹಾಕಿ ಒಂದು ದಿನವಾದರೂ ಓಡಿಸಿ ನೋಡದೆ, ಮದರ್‌ಬೋರ್ಡ್ ಹೋಗಿದೆ ಎಂಬ ಮಾತನ್ನು ಗ್ರಾಹಕರು ಒಪ್ಪಬಾರದು.