ದಾರಿಯೂ ದುಡಿಮೆಯೇ

2025ರ ಜುಲೈ 29ರಂದು ಸುಪ್ರೀಂ ಕೋರ್ಟು ಕೊಟ್ಟ ಒಂದು ತೀರ್ಪನ್ನು ಬೀದರ, ಭಾಲ್ಕಿ, ಔರಾದ ಕಡೆಯ ಕಾರ್ಮಿಕ ಬಂಧುಗಳು ಓದಿಕೊಳ್ಳಬೇಕು, ಓದಲು ಬಾರದವರು ಓದಿಸಿ ಕೇಳಬೇಕು ಎಂದು ನಾವು ಬಯಸುತ್ತೇವೆ. ಹಿಂದಿನ ಹೈದರಾಬಾದ ಸಂಸ್ಥಾನದಲ್ಲಿ ನಮ್ಮೊಡನೆಯೇ ಇದ್ದ ಉಸ್ಮಾನಾಬಾದದಲ್ಲಿ, ಅಂದರೆ ಇಂದಿನ ಧಾರಾಶಿವದಲ್ಲಿ, ಹುಟ್ಟಿದ ಖಟ್ಲೆ ಅದು. ಒಬ್ಬ ಸಕ್ಕರೆ ಕಾರಖಾನೆಯ ಕಾವಲುಗಾರ. ಪಾಳಿ ನಸುಕಿನ 3 ಗಂಟೆಯಿಂದ 11ರ ವರೆಗೆ. 2003ರ ಏಪ್ರಿಲ್ 22ರಂದು ಮೋಟಾರು ಸೈಕಲ್ಲಿನ ಮೇಲೆ ಕೆಲಸಕ್ಕೆ ಹೊರಟವನು, ಕಾರಖಾನೆ ಇನ್ನು ಸುಮಾರು 5 ಕಿಲೋಮೀಟರು ಇರುವಾಗ ಅಪಘಾತಕ್ಕೆ ಸಿಕ್ಕಿ ತೀರಿಕೊಂಡ. ಪರಿಹಾರ ಆಯುಕ್ತರು ಕುಟುಂಬಕ್ಕೆ 3,26,140 ರೂಪಾಯಿ ಮತ್ತು ಬಡ್ಡಿ ಕೊಡಬೇಕೆಂದರು. 2011ರಲ್ಲಿ ಮುಂಬಯಿ ಹೈಕೋರ್ಟು ಅದನ್ನು ರದ್ದುಮಾಡಿತು. ಕಾರಖಾನೆಗೆ ಇನ್ನೂ ಮುಟ್ಟಿರದವನು ಕೆಲಸದ ಮೇಲಿದ್ದನೆಂದು ಹೇಳಲಾಗದಂತೆ! ಸುಪ್ರೀಂ ಕೋರ್ಟು ಆ ಮಾತನ್ನು ಒಪ್ಪದೆ ಮೊದಲಿನ ಆಜ್ಞೆಯನ್ನೇ ಎತ್ತಿಹಿಡಿಯಿತು. ನ್ಯಾಯ ಸಿಕ್ಕಿತು, ನಿಜ. ಆದರೆ ಇಪ್ಪತ್ತೆರಡು ವರ್ಷಗಳ ಮೇಲೆ.

ಈ ತೀರ್ಪಿನ ತಿರುಳು ನಮಗೆ ಹೊಸದಲ್ಲ. ಮನೆಯಿಂದ ಗಿರಣಿಯ ಬಾಗಿಲಿನ ವರೆಗಿನ ದಾರಿಯೂ ದುಡಿಮೆಯ ಭಾಗವೇ ಎಂಬುದು ಸೈಕಲ್ಲು ತುಳಿಯುವವನ ಮೊಣಕಾಲಿಗೆ ಎಂದೋ ತಿಳಿದಿದೆ. ಕಾಯಿದೆಗೆ ತಿಳಿಯಲು ತಡವಾಯಿತು. 1923ರ ಪರಿಹಾರ ಕಾಯಿದೆ ಈ ವಿಷಯದಲ್ಲಿ ಸ್ಪಷ್ಟವಾಗಿರಲಿಲ್ಲ. 2010ರಲ್ಲಿ ಇ.ಎಸ್.ಐ. ಕಾಯಿದೆಗೆ 51-ಇ ಕಲಮನ್ನು ಸೇರಿಸಿ, ಕೆಲಸಕ್ಕೆ ಹೋಗುವ ಬರುವ ದಾರಿಯ ಅಪಘಾತವೂ ಕೆಲಸದ ಅಪಘಾತವೇ ಎಂದು ಬರೆದರು. ಅದೇ ಅರ್ಥವನ್ನು ಹಳೆಯ ಪರಿಹಾರ ಕಾಯಿದೆಗೂ ಹಚ್ಚಬೇಕೆಂದು ಈಗ ಸುಪ್ರೀಂ ಕೋರ್ಟು ಹೇಳಿದೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ ತತ್ವವನ್ನು ಒಪ್ಪಿದೆ. ಆದರೆ ಒಂದು ಕೊಕ್ಕೆ ಇದೆ. ಅಪಘಾತದ ವೇಳೆ, ಸ್ಥಳ, ಸಂದರ್ಭಗಳಿಗೂ ಕೆಲಸಕ್ಕೂ ಸಂಬಂಧವಿತ್ತೆಂದು ತೋರಿಸಿಕೊಡಬೇಕು. ಹಾಜರಿ ಕಾರ್ಡಿಲ್ಲದ, ಮುಕದ್ದಮನ ಬಾಯಿಮಾತಿನ ಮೇಲೆ ಪಾಳಿ ಮಾಡುವ ಗುತ್ತಿಗೆಯ ಆಳು ಇದನ್ನು ಎಲ್ಲಿಂದ ತೋರಿಸಬೇಕು? ಕೊಳಾರದ ಕೈಗಾರಿಕಾ ಪ್ರದೇಶಕ್ಕೆ ಹೋಗುವ ಬಂಧುಗಳೇ, ಪಾಳಿಯ ವೇಳೆ ಬರೆದ ಚೀಟಿಯನ್ನು ಕೇಳಿ ಪಡೆಯಿರಿ. ಅಪಘಾತವಾದರೆ ಪೊಲೀಸ್ ಫಿರ್ಯಾದಿಯಲ್ಲಿ ‘ಕೆಲಸಕ್ಕೆ ಹೋಗುವಾಗ’ ಎಂಬ ಮಾತು ಬರೆಯಿಸದೆ ಠಾಣೆ ಬಿಡಬೇಡಿರಿ.

ಸೈಕಲ್ಲಿನ ಕಾಲ ಮುಗಿಯಿತಲ್ಲ ಎನ್ನುವವರು ಇದ್ದಾರೆ. 2011ರ ಜನಗಣತಿಯ ಪ್ರಕಾರ ಈ ದೇಶದಲ್ಲಿ ಸುಮಾರು 2.6 ಕೋಟಿ ಜನ ಸೈಕಲ್ಲಿನ ಮೇಲೆ ಕೆಲಸಕ್ಕೆ ಹೋಗುತ್ತಿದ್ದರು. ಹೊಲಗೆಲಸದವರು ಈ ಲೆಕ್ಕದಲ್ಲಿಲ್ಲ. ಮೋಟಾರು ಸೈಕಲ್ಲು ಹೆಚ್ಚಿದ್ದು ನಮಗೂ ಕಾಣುತ್ತದೆ. ಆದರೆ ತಿಂಗಳ ಕೊನೆಗೆ ಪೆಟ್ರೋಲಿಗೆ ದುಡ್ಡು ಹುಟ್ಟದವನ ಗಾಡಿ ಯಾವುದು? ಸಂತಪುರದ ಸಣ್ಣ ವ್ಯಾಪಾರಿ ಬಟ್ಟೆಯ ಗಂಟನ್ನೋ ತರಕಾರಿಯ ಬುಟ್ಟಿಯನ್ನೋ ಹಿಂದಿನ ಕ್ಯಾರಿಯರಿಗೆ ಬಿಗಿದು ಸಂತೆಯಿಂದ ಸಂತೆಗೆ ತಿರುಗಿದರೆ ಬಸ್ಸಿನ ಚಾರ್ಜು ಉಳಿಯುತ್ತದೆ, ಗಂಟಿಗೆ ಲಗೇಜಿನ ಹಣ ಉಳಿಯುತ್ತದೆ, ಯಾರನ್ನೂ ಕಾಯಬೇಕಾಗಿಲ್ಲ. ರಾತ್ರಿ ಪಾಳಿ ಬಿಡುವ ಹೊತ್ತಿಗೆ ಬಸ್ಸೇ ಇಲ್ಲದವನಿಗೆ ಅದೊಂದೇ ಗತಿ. ಮೈಗೂ ಅದು ಒಳ್ಳೆಯದು ಎಂದು ಡಾಕ್ಟರರು ಹೇಳುತ್ತಾರೆ. ಎಂಟು ತಾಸು ಮಶೀನಿನ ಮುಂದೆ ನಿಂತವನಿಗೆ ಇನ್ನಷ್ಟು ವ್ಯಾಯಾಮ ಬೇಕೆಂದು ನಮಗೇನೂ ಅನಿಸಿಲ್ಲ.

ಇಷ್ಟೆಲ್ಲ ಲಾಭದಲ್ಲಿ ಮಾಲಿಕನಿಗೂ ಪಾಲಿದೆ. ಆಳು ತನ್ನ ಖರ್ಚಿನಲ್ಲಿ, ತನ್ನ ಕಾಲಿನ ಬಲದಿಂದ ವೇಳೆಗೆ ಸರಿಯಾಗಿ ಬಂದು ನಿಲ್ಲುತ್ತಾನೆ. ಅಪಾಯ ಮಾತ್ರ ಪೂರ್ತಿ ಸವಾರನದು. 2022ರ ಒಂದೇ ವರ್ಷ ದೇಶದ ರಸ್ತೆಗಳಲ್ಲಿ 1,68,000ಕ್ಕೂ ಮಿಕ್ಕಿ ಜನ ಸತ್ತರು. ಅವರಲ್ಲಿ ಸೈಕಲ್ಲಿನವರು ನಾಲ್ಕು ಸಾವಿರಕ್ಕೂ ಹೆಚ್ಚು. ನಮ್ಮ ಕಡೆಯ ಅಪಾಯಕ್ಕೆ ತನ್ನದೇ ಆದ ಹಂಗಾಮಿದೆ. ಕಬ್ಬು ನುರಿಸುವುದು ಶುರುವಾದರೆ ಸಾಕು, ಎರಡೆರಡು ಟ್ರೇಲರು ಎಳೆದುಕೊಂಡು, ಸಡಕಿನ ಅಂಚಿನ ವರೆಗೂ ಕಬ್ಬು ಚಾಚಿಕೊಂಡು ಟ್ರ್ಯಾಕ್ಟರುಗಳು ಸಾಲುಹಿಡಿಯುತ್ತವೆ. ಹಿಂದೆ ಕೆಂಪು ದೀಪವಿಲ್ಲ, ಹೊಳೆಯುವ ಪಟ್ಟಿಯಿಲ್ಲ. ಕೌಠಾದ ಹತ್ತಿರ ಮಾಂಜ್ರಾ ಸೇತುವೆಯ ಮೇಲೆ ಇಂಥ ಗಾಡಿಯೊಂದು ಪಕ್ಕಕ್ಕೆ ಬಂದರೆ ಸೈಕಲ್ಲಿನವನು ಎತ್ತ ಸರಿಯಬೇಕು?

ಸಂತೆಯ ವ್ಯಾಪಾರಿಗೆ ಮಾಲಿಕನೂ ಇಲ್ಲ, ಪರಿಹಾರ ಆಯುಕ್ತರೂ ಇಲ್ಲ. ಗುದ್ದಿದ ಗಾಡಿ ಗೊತ್ತಿದ್ದರೆ ಮೋಟಾರು ಅಪಘಾತ ನ್ಯಾಯಮಂಡಳಿ ಇದೆ. ಗುದ್ದಿ ಓಡಿಹೋದ ಗಾಡಿ ಪತ್ತೆಯಾಗದಿದ್ದರೂ ಸತ್ತವನ ಮನೆಯವರಿಗೆ 2 ಲಕ್ಷ, ಭಾರೀ ಗಾಯವಾದವನಿಗೆ 50,000 ರೂಪಾಯಿ ಕೊಡುವ ನಿಯಮ 2022ರ ಏಪ್ರಿಲ್ 1ರಿಂದ ಬಂದಿದೆ. ಅದಕ್ಕೆ ಮುಂಚೆ ಸಾವಿಗೆ ಸಿಗುತ್ತಿದ್ದುದು 25,000. ಹಣ ತಾನಾಗಿ ಮನೆಗೆ ಬರುವುದಿಲ್ಲ, ಅರ್ಜಿ ಹಾಕಬೇಕು. ಕಚೇರಿಯಲ್ಲಿ ಇಂಥ ನಿಯಮವೇ ಇಲ್ಲವೆಂದರೆ ನಂಬಬಾರದು.

ಇನ್ನು ಸೈಕಲ್ ಪಂದ್ಯದ ಮಾತು. ಜಾತ್ರೆ ಹಬ್ಬಗಳ ಹೆಸರಿನಲ್ಲಿ ತೆರೆದ ಸಡಕಿನ ಮೇಲೆ ಹುಡುಗರನ್ನು ಓಡಿಸುವ ಉತ್ಸಾಹ ಎಲ್ಲ ಕಡೆಯೂ ಇದೆ. ಇಲ್ಲಿಯೂ ಲಾಭ ಒಬ್ಬನದು, ಅಪಾಯ ಇನ್ನೊಬ್ಬನದು. ಜಗತ್ತಿನ ಅತಿ ದೊಡ್ಡ ಪಂದ್ಯವಾದ ಟೂರ್ ದ ಫ್ರಾನ್ಸ್ 1903ರಲ್ಲಿ ಹುಟ್ಟಿದ್ದೇ ‘ಲೋತೊ’ ಎಂಬ ಪತ್ರಿಕೆಯ ಮಾರಾಟ ಹೆಚ್ಚಿಸಲು. 1924ರಲ್ಲಿ ಹಾಂರಿ ಪೆಲಿಸಿಯೆ ಎಂಬ ಹಿಂದಿನ ವರ್ಷದ ವಿಜೇತನೇ ಮೇಲಂಗಿಯ ವಿಚಾರದ ಕಿರುಕುಳದಿಂದ ಬೇಸತ್ತು, ತಮ್ಮನೊಡನೆ ನಡುದಾರಿಯಲ್ಲಿ ಪಂದ್ಯ ಬಿಟ್ಟ. ನೋವು ತಡೆಯಲು ತಾವು ಸೇವಿಸುತ್ತಿದ್ದ ಔಷಧಗಳನ್ನು ಆಲ್ಬೆರ್ ಲೋಂದ್ರ್ ಎಂಬ ಪತ್ರಕರ್ತನ ಮುಂದೆ ತೆಗೆದು ತೋರಿಸಿದ. 1967ರಲ್ಲಿ ಟಾಮ್ ಸಿಂಪ್ಸನ್ ಬೆಟ್ಟ ಹತ್ತುತ್ತಲೇ ಸತ್ತ. ಉತ್ತೇಜಕ ಮಾತ್ರೆ ಅವನ ಮೈಯಲ್ಲಿತ್ತು. ಅಷ್ಟು ದೂರವೇಕೆ, ನಮ್ಮ ವಿಜಯಪುರ ಬಾಗಲಕೋಟೆಗಳ ರೈತರ ಮಕ್ಕಳು ರಾಷ್ಟ್ರಮಟ್ಟದ ಪದಕ ತಂದದ್ದು ಲಾರಿ ಓಡುವ ಹೆದ್ದಾರಿಯಲ್ಲಿಯೇ ತಾಲೀಮು ಮಾಡಿ. ವಿಜಯಪುರದ ವೆಲೋಡ್ರೋಮಿನ ಕೆಲಸ ವರ್ಷಗಟ್ಟಲೆ ಕುಂಟಿತು. ಪದಕ ಬಂದ ದಿನ ಹಾರ ಹಾಕಲು ಮಂತ್ರಿಗಳು ತಡಮಾಡಲಿಲ್ಲ.

ಜರ್ಮನಿಯ ಕಾರ್ಮಿಕರು 1896ರಲ್ಲಿ ‘ಸಾಲಿಡಾರಿಟೇಟ್’ ಎಂಬ ಸೈಕಲ್ ಸವಾರರ ಸಂಘ ಕಟ್ಟಿದರು. 1933ರಲ್ಲಿ ನಾಜಿಗಳು ಅದನ್ನು ನಿಷೇಧಿಸುವ ಮೊದಲು ಅದರ ಸದಸ್ಯರು ಲಕ್ಷಗಟ್ಟಲೆ ಇದ್ದರು. ಅವರಿಗೆ ಅಪಘಾತದ ವಿಮೆಯಿತ್ತು, ಸಂಘದ್ದೇ ಸೈಕಲ್ ಕಾರಖಾನೆಯಿತ್ತು. ಹಣದ ಪಂದ್ಯಗಳನ್ನು ಅವರು ಮೊದಮೊದಲು ದೂರವಿಟ್ಟಿದ್ದರು. ನಾವು ಅಷ್ಟು ದೂರ ಹೋಗುವುದಿಲ್ಲ. ಹುಡುಗರು ಓಡಲಿ, ಗೆಲ್ಲಲಿ. ಆದರೆ ಪಂದ್ಯ ನಡೆಸುವವರು ಸಡಕು ಬಂದುಮಾಡಿಸಿ, ಪ್ರತಿಯೊಬ್ಬನಿಗೆ ಶಿರಸ್ತ್ರಾಣ ಕೊಟ್ಟು, ವಿಮೆ ಮಾಡಿಸಿದ ಮೇಲೆಯೇ ಬಾವುಟ ಬೀಸಲಿ.

ಗಿರಣಿಯ ಸಂಘಗಳ ಮುಂದೆ ನಾವು ಈಗ ಇಡುವ ಬೇಡಿಕೆ ಇದಕ್ಕಿಂತ ಚಿಕ್ಕದು. ಮುಂದಿನ ಹಂಗಾಮಿಗೆ ಬಾಯ್ಲರಿಗೆ ಬೆಂಕಿ ಹಾಕುವ ಮೊದಲು, ಹಿಂದೆ ಹೊಳೆಯುವ ಪಟ್ಟಿಯೂ ಕೆಂಪು ದೀಪವೂ ಇಲ್ಲದ ಯಾವ ಕಬ್ಬಿನ ಗಾಡಿಯನ್ನೂ ತೂಕದ ಕಾಟಾದ ಮೇಲೆ ಹತ್ತಿಸುವುದಿಲ್ಲವೆಂದು ಜಿಲ್ಲೆಯ ಪ್ರತಿಯೊಂದು ಸಕ್ಕರೆ ಕಾರಖಾನೆಯ ಆಡಳಿತ ಮಂಡಳಿಯಿಂದ ಬರೆಯಿಸಿಕೊಳ್ಳಬೇಕು. ಪಟ್ಟಿಯ ಖರ್ಚು ಕಾರಖಾನೆಯದೇ ಆಗಬೇಕು, ರೈತನ ಬಿಲ್ಲಿನಲ್ಲಿ ಮುರಿದುಕೊಳ್ಳಕೂಡದು.