ಅಲುಗದೆ ನಿಂತವರಷ್ಟೇ ಉಳಿದರು

ಕಿತ್ತೂರಿನ ಕೋಟೆಗೆ ಪ್ರವಾಸ ಬರುವ ಶಾಲಾ ಮಕ್ಕಳಲ್ಲಿ ಯಾರಾದರೊಬ್ಬರು ಗುರುಗಳನ್ನು ಕೇಳಿಯೇ ಕೇಳುತ್ತಾರೆ: 'ಸರ್, ಚನ್ನಮ್ಮನ ಖರೇ ಫೋಟೊ ಎಲ್ಲೈತ್ರಿ?' ಪಠ್ಯಪುಸ್ತಕದಲ್ಲಿ, ಕ್ಯಾಲೆಂಡರಿನಲ್ಲಿ, ಊರೂರ ಸರ್ಕಲ್ಲಿನಲ್ಲಿ ಕಾಣುವ ರಾಣಿ ಚಿತ್ರಕಾರರ, ಶಿಲ್ಪಿಗಳ ಮನಸ್ಸಿನಲ್ಲಿ ಮೂಡಿದ ರಾಣಿ. ಖರೇ ಫೋಟೊ ಇಲ್ಲ. ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಮಡಿದ 1824ರಲ್ಲಿ ಜನರ ಕೈಗೆ ಕ್ಯಾಮೆರಾ ಎಂಬುದೇ ಬಂದಿರಲಿಲ್ಲ.

ಆದರೆ ಅದು ಹುಟ್ಟುವ ಹೊತ್ತು ಹತ್ತಿರವಾಗಿತ್ತು. ಕಿತ್ತೂರು ಬಿದ್ದ ಮೇಲೆ ಚನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿದ್ದು, 1829ರಲ್ಲಿ ಅಲ್ಲಿಯೇ ತೀರಿಕೊಂಡಳು. ಅವಳು ಸೆರೆಯಲ್ಲಿದ್ದ ಆ ದಿನಗಳಲ್ಲೇ, 1826-27ರ ಸುಮಾರಿಗೆ, ಫ್ರಾನ್ಸಿನ ನಿಯೆಪ್ಸ್ ಎಂಬಾತ ಡಾಂಬರಿನಂಥ ವಸ್ತು ಸವರಿದ ಲೋಹದ ತಗಡೊಂದನ್ನು ಕತ್ತಲೆಪೆಟ್ಟಿಗೆಯಲ್ಲಿಟ್ಟು ತನ್ನ ಮನೆಯ ಕಿಟಕಿಗೆ ಎದುರಾಗಿ ಇರಿಸಿದ. ಬಹಳ ಹೊತ್ತು ಬಿಸಿಲು ಕುಡಿದ ಮೇಲೆ ತಗಡಿನಲ್ಲಿ ಹೊರಗಿನ ಮಾಡುಗಳು, ಗೋಡೆಗಳು ಮಸುಕಾಗಿ ಮೂಡಿದವು. ಕ್ಯಾಮೆರಾದಿಂದ ತೆಗೆದು ಇಂದಿಗೂ ಉಳಿದಿರುವ ಚಿತ್ರಗಳಲ್ಲಿ ಅದೇ ಎಲ್ಲಕ್ಕಿಂತ ಹಳೆಯದು. ಅದು ಯಾರ ಮುಖದ ಚಿತ್ರವೂ ಅಲ್ಲ, ಒಂದು ಊರಿನ ನೋಟ. ಛಾಯಾಗ್ರಹಣಕ್ಕೂ ಭೂದೃಶ್ಯಕ್ಕೂ ನಂಟು ಬೆಳೆದದ್ದು ಹೀಗೆ ಮೊದಲ ದಿನದಿಂದಲೇ. ಅದಕ್ಕೆ ಕಾರಣ ಸರಳ. ಅಷ್ಟು ಹೊತ್ತು ಅಲುಗಾಡದೆ ನಿಲ್ಲಬಲ್ಲವು ಕಲ್ಲು, ಗೋಡೆ, ಗುಡ್ಡ ಮಾತ್ರ.

1839ರಲ್ಲಿ ದಗೇರ್‌ನ ವಿಧಾನ ಪ್ಯಾರಿಸ್ಸಿನಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನ ಟಾಲ್ಬಟ್ ಕಾಗದದ ಮೇಲೆಯೇ ನೆಗೆಟಿವ್ ಮಾಡಿ, ಒಂದರಿಂದ ಹಲವು ಪ್ರತಿ ತೆಗೆಯುವ ದಾರಿ ತೋರಿಸಿದ. 1854ರಲ್ಲಿ ಮುಂಬಯಿಯಲ್ಲಿ ಛಾಯಾಗ್ರಾಹಕರ ಸಂಘವೇ ಹುಟ್ಟಿತು. ಮರುವರ್ಷ ಸರ್ಕಾರವು ಥಾಮಸ್ ಬಿಗ್ಸ್ ಎಂಬ ಫಿರಂಗಿ ಪಡೆಯ ಅಧಿಕಾರಿಯನ್ನು ಪ್ರಾಚೀನ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಆತ ಬಿಜಾಪುರ, ಬಾದಾಮಿ, ಐಹೊಳೆಗಳನ್ನು ಸುತ್ತಿದ. ಆತನನ್ನು ಪಡೆಗೆ ಮರಳಿ ಕರೆಸಿಕೊಂಡಾಗ ಕೆಲಸ ಡಾ. ಪಿಗೂ ಎಂಬ ವೈದ್ಯನ ಪಾಲಿಗೆ ಬಂತು. ರಾಮದುರ್ಗದವರಿಗೆ ನೆರೆಮನೆಯಂತಿರುವ ಬಾದಾಮಿಯ ಗುಹೆಗಳು ಕ್ಯಾಮೆರಾ ಕಂಡದ್ದು ಹೀಗೆ.

ಆ ಕಾಲದ ಪ್ರಯಾಣ ಈಗಿನಂತಿರಲಿಲ್ಲ. ದೊಡ್ಡ ಮರದ ಕ್ಯಾಮೆರಾ, ಮುಕ್ಕಾಲಿ, ರಸಾಯನಗಳ ಸೀಸೆಗಳು, ಕತ್ತಲೆಯ ಡೇರೆ ಎಲ್ಲವನ್ನೂ ಗಾಡಿಯಲ್ಲಿ, ಇಲ್ಲವೇ ಆಳುಗಳ ತಲೆಯ ಮೇಲೆ ಸಾಗಿಸಬೇಕು. ಗಾಜಿನ ಫಲಕಕ್ಕೆ ಹಸಿ ಲೇಪ ಹಚ್ಚುವ ವಿಧಾನವಾದರೆ ಲೇಪ ಆರುವುದರೊಳಗೆ ಚಿತ್ರ ತೆಗೆದು ತೊಳೆದು ಮುಗಿಸಬೇಕು. ನಮ್ಮ ಬಯಲುಸೀಮೆಯ ಒಣಹವೆಯಲ್ಲಿ ಅದು ಬೇಗ ಆರುತ್ತದೆ. ಆದ್ದರಿಂದ ಹಲವರು ಮೇಣ ಸವರಿದ ಕಾಗದದ ನೆಗೆಟಿವನ್ನೇ ನೆಚ್ಚಿದರು. ಅದನ್ನು ಕೆಲವು ದಿನ ಮುಂಚೆಯೇ ಸಿದ್ಧಮಾಡಿ ಇಟ್ಟುಕೊಳ್ಳಬಹುದಿತ್ತು. ಆದರೆ ಅದು ಬೆಳಕನ್ನು ಹೀರಲು ಹಲವು ನಿಮಿಷ ಹಿಡಿಯುತ್ತಿತ್ತು.

ಯಂತ್ರ ತೆಗೆದ ಚಿತ್ರದಲ್ಲಿ ಕಲೆ ಎಲ್ಲಿಂದ ಬಂತು ಎಂದು ಆಗಲೂ ಜನ ಕೇಳಿದರು. ಸವದತ್ತಿಯ ಹತ್ತಿರದ ಹೂಲಿಗೆ ಹೋಗಿ, ಪಂಚಲಿಂಗೇಶ್ವರ ಗುಡಿಯ ಮುಂದೆ ಒಂದು ದಿನ ಕಳೆದವರಿಗೆ ಉತ್ತರ ತಾನೇ ತಿಳಿಯುತ್ತದೆ. ನಡುಮಧ್ಯಾಹ್ನದ ಬಿಸಿಲಿಗೂ ಇಳಿಹೊತ್ತಿನ ಓರೆ ಬೆಳಕಿಗೂ ಕಲ್ಲಿನ ಮುಖವೇ ಬೇರೆ. ಬೆಳಕು ಓರೆಯಾಗಿ ಬಿದ್ದಾಗ ಕೆತ್ತನೆಯ ಒಂದೊಂದು ಗೆರೆಗೂ ನೆರಳು ಹುಟ್ಟುತ್ತದೆ. ಎಲ್ಲಿ ನಿಲ್ಲಬೇಕು, ಯಾವಾಗ ತೆರೆಯಬೇಕು, ಯಾವುದನ್ನು ಅಂಚಿನಾಚೆ ಬಿಡಬೇಕು ಎಂಬ ಈ ಆಯ್ಕೆ ಯಂತ್ರದ್ದಲ್ಲ, ಕಣ್ಣಿನದು. ದಿನಕ್ಕೆ ಬೆರಳೆಣಿಕೆಯ ಚಿತ್ರ ಮಾತ್ರ ಸಾಧ್ಯವಿದ್ದವನು ಮೊದಲು ನೋಡುತ್ತಿದ್ದ, ಆಮೇಲೆ ತೆಗೆಯುತ್ತಿದ್ದ.

ಒಂದು ಉದಾಹರಣೆ ಇದೆ. ಅಂದಿನ ರಸಾಯನಗಳಿಗೆ ನೀಲಿ ಬೆಳಕೆಂದರೆ ಅತಿ ಚುರುಕು. ಹೀಗಾಗಿ ನೆಲ ಸರಿಯಾಗಿ ಮೂಡುವಷ್ಟರಲ್ಲಿ ಆಕಾಶ ಬೋಳು ಬಿಳಿಯಾಗುತ್ತಿತ್ತು. 1854ರಲ್ಲಿ ಬೇಲೂರು, ಹಳೇಬೀಡುಗಳ ಚಿತ್ರ ತೆಗೆದ ಲಿನಿಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿ ತನ್ನ ಕೆಲವು ನೆಗೆಟಿವ್‌ಗಳ ಮೇಲೆ ಕುಂಚದಿಂದ ಮೋಡಗಳನ್ನು ಬಿಡಿಸುತ್ತಿದ್ದ. ಚೆಂದವಾಯಿತು ನಿಜ. ಆದರೆ ಆ ಮೋಡ ಆ ದಿನ ಅಲ್ಲಿತ್ತೇ? ಚಿತ್ರವನ್ನು ಕಣ್ಣುಮುಚ್ಚಿ ನಂಬಬಾರದು ಎಂಬ ಪಾಠ ಕಂಪ್ಯೂಟರ್ ಬರುವುದಕ್ಕೆ ನೂರು ವರ್ಷ ಮೊದಲೇ ಶುರುವಾಗಿತ್ತು.

ಹಾಗೆಂದು ಹಳೆಯ ಚಿತ್ರ ಸುಳ್ಳೆಂದಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಅಧಿಕಾರಿ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಹಿಡಿದಿಟ್ಟ. ಅವು ಎಷ್ಟೋ ಕಾಲ ಕಣ್ಮರೆಯಾಗಿದ್ದು, 1980ರಲ್ಲಿ ಇಂಗ್ಲೆಂಡಿನಲ್ಲಿ ಸಿಕ್ಕವು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಅದೇ ನೋಟಗಳನ್ನು ಮತ್ತೆ ತೆಗೆದರು. ಗ್ರೀನ್‌ಲಾನ ಚಿತ್ರದಲ್ಲಿ ವಿಠ್ಠಲ ಗುಡಿಯ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದಿದೆ. ಇಂದು ಹಂಪಿಗೆ ಹೋದವರು ಕಾಣುವ ರಥಕ್ಕೆ ಅದಿಲ್ಲ. ಇಂಥ ಹಳೆಯ ಚಿತ್ರಗಳು ಉಳಿಯದಿದ್ದರೆ ಕಲ್ಲಿನ ರಥದ ಆ ರೂಪವನ್ನು ನಾವು ಕಣ್ಣಾರೆ ಕಾಣುತ್ತಿರಲಿಲ್ಲ.

ನಮ್ಮ ಭಾಗದ ಮಣ್ಣಿಗೂ ಈ ಕಥೆಯಲ್ಲಿ ಪಾಲಿದೆ. ಪಿಗೂ, ಬಿಗ್ಸ್ ಮತ್ತು ನೀಲ್ ತೆಗೆದ ಚಿತ್ರಗಳು 1866ರಲ್ಲಿ ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುಶಿಲ್ಪ ಕುರಿತ ದೊಡ್ಡ ಗ್ರಂಥವಾಗಿ ಲಂಡನ್ನಿನಲ್ಲಿ ಹೊರಬಂದವು. ಅಷ್ಟರಲ್ಲಿ ಪಿಗೂ ತೀರಿಕೊಂಡಿದ್ದ. ಅದರ ಇತಿಹಾಸ ಭಾಗ ಬರೆದವನು ಸುರಪುರದ ನಂಟಿನಿಂದ ಕನ್ನಡಿಗರಿಗೆ ಪರಿಚಿತನಾದ ಮೆಡೋಸ್ ಟೇಲರ್. ಇಂಥ ಗ್ರಂಥಮಾಲೆಗೆ ಹಣ ಕೊಟ್ಟವರು ಮುಂಬಯಿಯ ವರ್ತಕರು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಮುಗಿಲು ಮುಟ್ಟಿದಾಗ ಆ ನಗರಕ್ಕೆ ಹಣ ಹರಿದುಬಂದಿತ್ತು. ಎರೆಹೊಲದಲ್ಲಿ ಹತ್ತಿ ಬಿಡಿಸಿದ ನಮ್ಮ ಮುತ್ತಜ್ಜಿಯರ ಬೆವರೂ ಹೀಗೆ ದೂರದಿಂದ ಆ ಪುಟಗಳಿಗೆ ತಾಕಿದೆ ಎನ್ನಬಹುದು. ಮುಂದೆ 1874ರಲ್ಲಿ ಜೇಮ್ಸ್ ಬರ್ಜೆಸ್ ಜನವರಿಯಿಂದ ಮೇವರೆಗೆ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಲ್ಲಿ ತಿರುಗಿ, ಪ್ರಾಚೀನ ಅವಶೇಷಗಳ ಸಚಿತ್ರ ವರದಿ ಪ್ರಕಟಿಸಿದ.

ಇಂಥ ಎಷ್ಟೋ ಹಳೆಯ ಚಿತ್ರಗಳು ಇಂದು ಅಂತರಜಾಲದಲ್ಲಿ ಸಿಗುತ್ತವೆ. ನಿಧಾನವಾಗಿ ನೋಡಿದರೆ ಒಂದು ಸಂಗತಿ ಕಾಡುತ್ತದೆ. ಗುಡಿಗಳ ಮುಂದೆ ಜನರೇ ಇಲ್ಲವೆನಿಸುತ್ತದೆ. ಜನ ಇದ್ದರು. ನೀರಿಗೆ ಹೋದವರು, ದನ ಹೊಡೆದುಕೊಂಡು ಹೋದವರು ಆ ಹಲವು ನಿಮಿಷಗಳಲ್ಲಿ ನಡೆದು ದಾಟಿದ್ದರಿಂದ ಕಾಗದದ ಮೇಲೆ ಮೂಡಲಿಲ್ಲ. ಕೆಲವು ಚಿತ್ರಗಳಲ್ಲಿ ಕಂಬದ ಎತ್ತರ ತಿಳಿಯಲೆಂದು ಒಬ್ಬನನ್ನು ಪಕ್ಕದಲ್ಲಿ ನಿಲ್ಲಿಸಿರುತ್ತಾರೆ. ಅವನು ಉಸಿರು ಬಿಗಿಹಿಡಿದು, ಅಲುಗದೆ ನಿಂತು ಉಳಿದ. ತೆಗೆದವನ ಹೆಸರು ಪುಸ್ತಕದಲ್ಲಿದೆ. ನಿಂತವನ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ, ಪೆಟ್ಟಿಗೆ ಹೊತ್ತವರ ಹೆಸರನ್ನೂ ಬರೆಯಲಿಲ್ಲ.

ಇದು ನೂರೈವತ್ತು ವರ್ಷದ ಹಿಂದಿನ ಲೋಪವಷ್ಟೇ ಅಲ್ಲ, ನಮ್ಮ ಮನೆಗಳಲ್ಲೂ ಇದೇ ನಡೆದಿದೆ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಬಂದು 1970ರ ದಶಕದಲ್ಲಿ ರೇಣುಕಾಸಾಗರ ತುಂಬಿದಾಗ ಹಲವು ಊರುಗಳು ಜಾಗ ಬಿಟ್ಟು ಮೇಲೆ ಬಂದವು. ಹಳೆ ಊರಿನ ಅಗಸಿ, ಹನುಮಪ್ಪನ ಗುಡಿ, ಕಟ್ಟೆ, ಬೇವಿನ ಗಿಡ ಇವೆಲ್ಲ ಇಂದು ಬಹುತೇಕ ಹಿರಿಯರ ನೆನಪಿನಲ್ಲಿ ಮಾತ್ರ ಇವೆ. ಯಾರದೋ ಮದುವೆಯ ಫೋಟೊದಲ್ಲಿ ವಧುವರರ ಬೆನ್ನಹಿಂದೆ ಆ ಅಗಸಿ ಅರ್ಧ ಕಂಡಿದ್ದರೆ, ಆ ಊರಿಗೆ ಅದೇ ಇತಿಹಾಸ. ಆ ಫೋಟೊ ಟ್ರಂಕಿನ ತಳದಲ್ಲಿ ತಂಪು ಹಿಡಿದು ಗಾಜಿಗೆ ಅಂಟಿಕೊಂಡಿರಬಹುದು.

ದಸರಾ ರಜೆಯಲ್ಲಿ ಮಕ್ಕಳು ಮಾಡಬಹುದಾದ ಕೆಲಸವೊಂದಿದೆ. ಮನೆಯ ಹಳೆಯ ಫೋಟೊಗಳನ್ನು ಅಜ್ಜ ಅಜ್ಜಿಯ ಮುಂದೆ ಹರಡಿ, ಯಾರು, ಯಾವ ಊರು, ಯಾವ ವರ್ಷ ಎಂದು ಕೇಳಿ, ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹಗುರವಾಗಿ ಬರೆಯಬೇಕು. ಬಾಲ್‌ಪೆನ್ ಬೇಡ, ಒತ್ತಿದ ಗೆರೆ ಮುಂಬದಿಗೆ ಮೂಡುತ್ತದೆ. ಗಾಜಿಗೆ ಅಂಟಿದ್ದನ್ನು ಕಿತ್ತು ಹರಿಯುವ ಬದಲು, ಗಾಜಿನ ಸಮೇತ ಮೊಬೈಲಿನಲ್ಲಿ ಪ್ರತಿ ತೆಗೆಯುವುದು ಲೇಸು. ಆಮೇಲೆ ಸೊಗಲದ ಜಲಪಾತಕ್ಕೋ, ಸವದತ್ತಿಯ ಕೋಟೆಗೋ, ತಮ್ಮೂರ ಕೆರೆಯ ಏರಿಗೋ ಹೋಗಿ ಒಂದೇ ಒಂದು ಚಿತ್ರ ತೆಗೆಯಲಿ. ಮೊದಲು ಅರ್ಧ ತಾಸು ಸುಮ್ಮನೆ ನೋಡಲಿ. ಬೆಳಕು ಎತ್ತ ಸರಿಯುತ್ತದೆಂದು ಕಾಯಲಿ. ನಿಂತ ಜಾಗ, ದಿನಾಂಕ, ಹೊತ್ತು ಬರೆದಿಟ್ಟುಕೊಂಡರೆ ಹತ್ತು ವರ್ಷದ ಮೇಲೆ ಅಲ್ಲಿಯೇ ನಿಂತು ಮತ್ತೊಂದು ಚಿತ್ರ ತೆಗೆಯಬಹುದು.

ಆ ಚಿತ್ರದಲ್ಲಿ ಕುರಿ ಕಾಯುವವನೊಬ್ಬ ಬಂದರೆ ಅವನ ಒಪ್ಪಿಗೆ ಕೇಳಿ, ಅವನ ಹೆಸರನ್ನೂ ಬರೆದುಕೊಳ್ಳಲಿ. ಬಿಗ್ಸ್‌ನ ಕಾಲದವರು ಬಿಟ್ಟುಹೋದ ಕೆಲಸ ಅದೊಂದೇ.