ಹುಟ್ಟಿನಿಂದ ಆರು ವರ್ಷ: ನಮ್ಮ ಬೇಡಿಕೆ ಪಟ್ಟಿಯಲ್ಲಿ ಇಲ್ಲದ ಮಗು



ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ನಾವು ತಹಶೀಲ್ದಾರರಿಗೆ ಕೊಡೋ ಮನವಿಪತ್ರಗಳನ್ನ ಒಂದ್ಸಲ ನೆನಪು ಮಾಡ್ಕೊಳ್ಳಿ. ಹಾಸ್ಟೆಲ್ ಇರುತ್ತೆ, ಸ್ಕಾಲರ್‌ಶಿಪ್ ಇರುತ್ತೆ, ಬ್ಯಾಕ್‌ಲಾಗ್ ಹುದ್ದೆ, ಬಗರ್‌ಹುಕುಂ, ಕೊನೆಗೆ ಸ್ಮಶಾನದ ಜಾಗ ಕೂಡ ಇರುತ್ತೆ. ಹುಟ್ಟಿದ ದಿನದಿಂದ ಆರು ವರ್ಷದವರೆಗಿನ ಅಂಗವಿಕಲ ಮಗು ಮಾತ್ರ ಆ ಪಟ್ಟಿಯಲ್ಲಿ ಎಲ್ಲೂ ಇರಲ್ಲ.

ಯಾಕೆ ಆ ಆರು ವರ್ಷ ಅಷ್ಟು ಮುಖ್ಯ ಅಂತ ಮೊದಲು ಹೇಳ್ತೀನಿ.

ಕಿವಿ ಕೇಳದೆ ಹುಟ್ಟೋ ಮಕ್ಕಳ ವಿಷಯದಲ್ಲಿ ತಜ್ಞರು ಒಪ್ಪಿರೋ ಒಂದು ಲೆಕ್ಕ ಇದೆ: 1-3-6. ಒಂದು ತಿಂಗಳೊಳಗೆ ಕಿವಿ ಪರೀಕ್ಷೆ, ಮೂರು ತಿಂಗಳೊಳಗೆ ತೊಂದರೆ ಏನು ಅಂತ ಖಚಿತ ಆಗಬೇಕು, ಆರು ತಿಂಗಳೊಳಗೆ ಮೆಷಿನ್, ತರಬೇತಿ ಶುರು ಆಗಬೇಕು. ಯಾಕಂದ್ರೆ ಮಿದುಳು ಭಾಷೆ ಹಿಡಿಯೋದು ಮೊದಲ ಕೆಲವು ವರ್ಷಗಳಲ್ಲೇ. ಅದು ಬಾಯಿಮಾತೇ ಆಗಬೇಕಿಲ್ಲ, ಸನ್ನೆ ಭಾಷೆಯೂ ಪೂರ್ಣ ಭಾಷೆಯೇ. ಆದರೆ ಯಾವ ಭಾಷೆಯೂ ಸಿಗದೆ ಐದು ವರ್ಷ ಕಳೆದುಹೋದ್ರೆ ಆ ನಷ್ಟ ತುಂಬೋದು ಬಹಳ ಕಷ್ಟ.

ಪಾದ ಒಳಕ್ಕೆ ತಿರುಗಿ ಹುಟ್ಟೋ ಮಗು ಇರುತ್ತಲ್ಲ, ಕ್ಲಬ್‌ಫೂಟ್ ಅಂತಾರೆ. ಹುಟ್ಟಿದ ಕೆಲವು ವಾರಗಳಲ್ಲೇ ಶುರು ಮಾಡಿದ್ರೆ ವಾರಕ್ಕೊಂದು ಸಲ ಬದಲಿಸೋ ಪ್ಲಾಸ್ಟರ್, ಬೇಕಾದ್ರೆ ಹಿಮ್ಮಡಿ ಹತ್ತಿರ ಒಂದು ಸಣ್ಣ ಆಪರೇಷನ್, ಆಮೇಲೆ ನಾಲ್ಕೈದು ವರ್ಷದವರೆಗೆ ಮಲಗುವಾಗ ಹಾಕೋ ಬ್ರೇಸ್. ಬಹುಪಾಲು ಮಕ್ಕಳು ನೆಟ್ಟಗೆ ನಡೀತಾರೆ. ಹುಟ್ಟಿನಿಂದಲೇ ಥೈರಾಯ್ಡ್ ಕಡಿಮೆ ಇರೋ ಮಗುವಿಗೆ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಪರೀಕ್ಷಿಸಿ, ಎರಡು ವಾರದೊಳಗೆ ದಿನಕ್ಕೊಂದು ಅಗ್ಗದ ಮಾತ್ರೆ ಶುರು ಮಾಡಿದ್ರೆ ಬುದ್ಧಿಯ ಬೆಳವಣಿಗೆ ಉಳಿಯುತ್ತೆ. ಸೆರೆಬ್ರಲ್ ಪಾಲ್ಸಿ ವಾಸಿ ಆಗಲ್ಲ, ನಿಜ. ಆದರೆ ಮಗುವನ್ನ ಹೇಗೆ ಎತ್ಕೋಬೇಕು, ಹೇಗೆ ಕೂರಿಸಬೇಕು, ನೆತ್ತಿಗೆ ಹತ್ತದ ಹಾಗೆ ಹೇಗೆ ಊಟ ಮಾಡಿಸಬೇಕು ಅಂತ ತಾಯಿಗೆ ಮೊದಲ ವರ್ಷವೇ ಕಲಿಸಿದ್ರೆ ಕೈಕಾಲು ಸೆಟೆದುಕೊಳ್ಳೋದು ಕಡಿಮೆ ಆಗುತ್ತೆ, ಮಗು ಕೂತು ಆಡುತ್ತೆ, ಶಾಲೆಗೆ ಬರುತ್ತೆ.

ಇದು ಯಾವುದೂ ಮಗುವನ್ನ 'ಸರಿ ಮಾಡೋ' ಮಾತಲ್ಲ. ಅದಕ್ಕೆ ಸಿಗಬೇಕಾದ್ದು ಸಿಗಬೇಕಾದ ಹೊತ್ತಿಗೆ ಸಿಗಬೇಕು ಅನ್ನೋ ಮಾತು.

ನಾನು ಡಾಕ್ಟರ್ ಅಲ್ಲ, ಗುಮಾಸ್ತ. ನನಗೆ ಗೊತ್ತಿರೋದು ಫೈಲು. ಹಾಗಾಗಿ ಫೈಲಿನ ಕಡೆಯಿಂದ ಹೇಳ್ತೀನಿ. ಕಾಗದದ ಮೇಲೆ ಎಲ್ಲಾ ಇದೆ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಅಂದ್ರೆ ಆರ್‌ಬಿಎಸ್‌ಕೆ ಬಂತು. ಅದರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬಂದು ಮಕ್ಕಳನ್ನ ತಪಾಸಣೆ ಮಾಡಬೇಕು. ತೊಂದರೆ ಕಂಡ ಮಗುವನ್ನ ಜಿಲ್ಲಾ ಮಟ್ಟದ ಡಿಇಐಸಿ ಅನ್ನೋ ಕೇಂದ್ರಕ್ಕೆ ಕಳಿಸಬೇಕು. ಅಲ್ಲಿ ಮಕ್ಕಳ ಡಾಕ್ಟರು, ಫಿಸಿಯೋಥೆರಪಿಸ್ಟ್, ಕಿವಿ ಮತ್ತು ಮಾತಿನ ತಜ್ಞರು, ಮನಶ್ಶಾಸ್ತ್ರಜ್ಞರು, ವಿಶೇಷ ಶಿಕ್ಷಕರು ಒಂದೇ ಸೂರಿನಡಿ ಇರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 25ನೇ ಸೆಕ್ಷನ್ ಎಲ್ಲ ಮಕ್ಕಳನ್ನೂ ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಬೇಕು ಅನ್ನುತ್ತೆ, ಆರೋಗ್ಯ ಸೇವೆ ಊರಿನ ಹತ್ತಿರವೇ ಸಿಗಬೇಕು ಅನ್ನುತ್ತೆ.

ಆದರೆ ಅದೇ ಕಾಯ್ದೆಯ 31ನೇ ಸೆಕ್ಷನ್ ಉಚಿತ ಶಿಕ್ಷಣದ ಹಕ್ಕು ಕೊಡೋದು 6ರಿಂದ 18 ವರ್ಷದವರಿಗೆ. ಸಂವಿಧಾನದ 21ಎ ವಿಧಿ ಹೇಳೋದೂ 6ರಿಂದ 14. ಆರರ ಕೆಳಗಿನ ಮಗುವಿಗೆ ಇರೋದು 45ನೇ ವಿಧಿ, ಅದು ನಿರ್ದೇಶಕ ತತ್ವ, ಅದನ್ನಿಟ್ಟುಕೊಂಡು ನೇರವಾಗಿ ಕೋರ್ಟಿಗೆ ಹೋಗೋಕಾಗಲ್ಲ. ಮಿದುಳು ಬೆಳೆಯೋ ವಯಸ್ಸಲ್ಲಿ ಆಶಯ, ಬೆಳೆದು ಮುಗಿಯೋ ಹೊತ್ತಿಗೆ ಹಕ್ಕು.

ಪಕ್ಕದ ಕೇರಿಯ ಒಬ್ಬ ಹೆಣ್ಣುಮಗಳ ಕತೆ ಹೇಳ್ತೀನಿ. ಮಗುವಿಗೆ ಹತ್ತು ತಿಂಗಳಾಗಿದ್ದಾಗ ಕಿವಿ ತೋರಿಸಿ ಅಂತ ಚೀಟಿ ಬರೆದುಕೊಟ್ರು. ಮೊದಲನೇ ಸಲ ಹೋದಾಗ ತಜ್ಞರು ರಜೆ. ಎರಡನೇ ಸಲ ಮೆಷಿನ್ ಕೆಟ್ಟಿದೆ. ಮೂರನೇ ಸಲ ಆಧಾರ್‌ನಲ್ಲಿ ಹೆಸರು ಸರಿ ಇಲ್ಲ. ನಾಲ್ಕನೇ ಸಲ ಆಕೆ ಹೋಗಲಿಲ್ಲ. ಮಗುವಿಗೆ ಐದು ತುಂಬಿದ ಮೇಲೆ ಯುಡಿಐಡಿ ಕಾರ್ಡಿನ ಅರ್ಜಿ ತುಂಬಿಸೋಕೆ ನನ್ನ ಹತ್ರ ಬಂದ್ರು. ಕೈಯಲ್ಲಿ ಅದೇ ಹಳೇ ಚೀಟಿ, ಮಡಿಚಿ ಮಡಿಚಿ ಹರಿದಿತ್ತು. ಇಂಥ ಮಗು ರಿಜಿಸ್ಟರಲ್ಲಿ 'ರೆಫರ್ ಮಾಡಲಾಗಿದೆ' ಅಂತಾನೇ ಇರುತ್ತೆ. ಕಚೇರಿ ಭಾಷೆಯಲ್ಲಿ ಅದು ಬಾಕಿ ಅಲ್ಲ, ವಿಲೇವಾರಿ.

"ಬಸ್ ಫ್ರೀ ಇದೆಯಲ್ಲ, ಕರ್ಕೊಂಡು ಹೋಗೋಕೇನು?" ಅಂತ ಕೇಳೋರಿದ್ದಾರೆ. ಶಕ್ತಿ ಯೋಜನೆಯಿಂದ ಟಿಕೆಟ್ ಉಳಿಯುತ್ತೆ, ಕೂಲಿ ಉಳಿಯಲ್ಲ. ಥೆರಪಿ ವಾರಕ್ಕೆ ಎರಡು ದಿನ ಅಂತಿಟ್ಕೊಳ್ಳಿ, ತಿಂಗಳಿಗೆ ಎಂಟು ದಿನ. 2025-26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಎಂಟು ದಿನಕ್ಕೆ 2,960. ಗೃಹಲಕ್ಷ್ಮಿಯ 2,000 ಸೇರಿಸಿದ್ರೂ ತುಂಬಲ್ಲ. ಆ ತಾಯಿ ಮಗುವನ್ನ ಕೈಬಿಟ್ಟಳು ಅಂತ ಮಾತಾಡೋರು ಈ ಲೆಕ್ಕ ಮಾಡಲಿ. ನಗರದಲ್ಲಿ ದುಡ್ಡಿದ್ದೋರ ಮಗುವಿಗೆ ಎಂಟು ತಿಂಗಳಿಗೇ ಥೆರಪಿಸ್ಟ್ ಮನೆಗೆ ಬರ್ತಾರೆ. ನಮ್ಮ ಮಗುವಿಗೆ ಐದು ವರ್ಷಕ್ಕೆ ಸರ್ಟಿಫಿಕೇಟ್ ಬರುತ್ತೆ, ಆಮೇಲೆ ಮಾಸಾಶನ. ಕೊಡಬೇಕಾದ ಕಾಲದಲ್ಲಿ ಕೊಡದೆ ಜೀವನಪೂರ್ತಿ ಮಾಸಾಶನ ಕೊಟ್ಟು ಕೈತೊಳ್ಕೊಳ್ಳೋದು ಕರುಣೆ ಅಲ್ಲ.

ಇದರಲ್ಲಿ ಜಾತಿ ಎಲ್ಲಿ ಬಂತು ಅಂತೀರಾ? 2011ರ ಜನಗಣತಿ ನೋಡಿ. ದೇಶದಲ್ಲಿ ಪರಿಶಿಷ್ಟ ಜಾತಿಯವರಲ್ಲಿ ಅಂಗವಿಕಲರ ಪ್ರಮಾಣ ಶೇ 2.45, ಎಸ್‌ಸಿ-ಎಸ್‌ಟಿ ಬಿಟ್ಟು ಉಳಿದವರಲ್ಲಿ ಶೇ 2.18. ಬಸುರಿಯಲ್ಲಿ ರಕ್ತಹೀನತೆ, ಎಂಟನೇ ತಿಂಗಳವರೆಗೂ ಕೂಲಿ, ತೂಕ ಇಲ್ಲದ ಕೂಸು, ಹೆರಿಗೆ ಹೊತ್ತಲ್ಲಿ ತಡವಾಗಿ ಬರೋ ಆಂಬುಲೆನ್ಸ್, ಯಾರೂ ಗಮನಿಸದ ಕಾಮಾಲೆ. ಇವೆಲ್ಲ ಯಾರ ಮನೆಯಲ್ಲಿ ಜಾಸ್ತಿ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಇದರ ಮೇಲೆ 'ಪೂರ್ವಜನ್ಮದ ಪಾಪ' ಅಂತ ಬೇರೆ. ಜಾತಿಗೂ ಅದೇ ಮಾತು ಹೇಳಿದ್ರು, ನಾವು ಒಪ್ಪಲಿಲ್ಲ. ಮಗುವಿನ ಅಂಗವೈಕಲ್ಯಕ್ಕೆ ಅದೇ ಮಾತು ನಮ್ಮ ಕೇರಿಯಲ್ಲೇ ಕೇಳಿಬಂದಾಗ ಮಾತ್ರ ಯಾಕೆ ಸುಮ್ಮನಿರ್ತೀವಿ?

ಬಾಬಾಸಾಹೇಬರು 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಕಾರ್ಖಾನೆ ಹೆಣ್ಣುಮಕ್ಕಳ ಹೆರಿಗೆ ಭತ್ಯೆ ಮಸೂದೆಯ ಪರವಾಗಿ ಮಾತಾಡಿದ್ರು. ಹೆರಿಗೆಯ ಮುಂಚೆ, ಆಮೇಲೆ ತಾಯಿಗೆ ವಿಶ್ರಾಂತಿ ಸಿಗೋದು ಇಡೀ ದೇಶದ ಹಿತ, ಹಾಗಾಗಿ ಅದರ ಹೊರೆಯ ದೊಡ್ಡ ಪಾಲು ಸರ್ಕಾರವೇ ಹೊರಬೇಕು ಅನ್ನೋದು ಅವರ ವಾದ. ಥೆರಪಿಗೆ ಮಗುವನ್ನ ಎತ್ಕೊಂಡು ಹೋಗೋ ತಾಯಿಯ ಕೂಲಿಗೂ ಆ ವಾದ ಹಾಗೇ ಹೊಂದುತ್ತೆ.

"ತಜ್ಞರ ಕೊರತೆ ಇದೆ" ಅಂತಾರೆ. ಇದೆ. ಆದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ನಮ್ಮ ರಾಜ್ಯದಲ್ಲೇ ಇದೆ. ಕಲಿತವರು ಗುತ್ತಿಗೆ ಸಂಬಳಕ್ಕೆ ತಾಲ್ಲೂಕಿನಲ್ಲಿ ನಿಲ್ಲಲ್ಲ, ಸಮಸ್ಯೆ ಅಲ್ಲಿದೆ. ಪಂಚಾಯ್ತಿ ಮಟ್ಟದಲ್ಲಿ ವಿಆರ್‌ಡಬ್ಲ್ಯೂ ಅಂತ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರೇ ಅಂಗವಿಕಲರು, ಗೌರವಧನದಲ್ಲಿ ದುಡಿಯೋರು. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಂಗನವಾಡಿಗಳಿಗೆ ಅಂಗವಿಕಲ ಮಕ್ಕಳ ಬಗ್ಗೆ ಹೊಸ ಪ್ರೋಟೋಕಾಲ್ ಕೂಡ ತಂತು. ಗೌರವಧನ ಹಾಗೇ ಇಟ್ಟು ಕೆಲಸ ಮಾತ್ರ ಹೇರಿದ್ರೆ ಅದು ಮತ್ತೊಂದು ರಿಜಿಸ್ಟರ್ ಆಗುತ್ತೆ, ಅಷ್ಟೇ.

ದುಡ್ಡು ಎಲ್ಲಿಂದ ಅಂದ್ರೆ, 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಇದೆ. 7ಡಿ ತೆಗೆಸೋಕೆ ಎಷ್ಟು ವರ್ಷ ಬೀದಿಯಲ್ಲಿ ಕೂತ್ವಿ, 2023ರಲ್ಲಿ ಅದು ಹೋಯ್ತು. ಆ ಹಣ ಬೇರೆ ಕಡೆ ಹೋಗ್ತಿದೆ ಅಂತ ಈಗಲೂ ಜಗಳ ಆಡ್ತಿದೀವಿ, ಆಡಲೇಬೇಕು. ಜೊತೆಗೆ ಅದು ಎಲ್ಲಿಗೆ ಬರಬೇಕು ಅಂತಾನೂ ಹೇಳಬೇಕು. ನನ್ನ ಪ್ರಕಾರ ಈ ನಾಲ್ಕು:

1. ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟೋ ಪ್ರತಿ ಕೂಸಿಗೆ ಕಿವಿ ಮತ್ತು ಥೈರಾಯ್ಡ್ ಪರೀಕ್ಷೆ. ಕಿವಿ ಪರೀಕ್ಷೆ ಡಿಸ್ಚಾರ್ಜ್‌ಗೆ ಮುಂಚೆಯೇ ಆಗಬೇಕು.
2. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಗೊತ್ತಾದ ದಿನಗಳಂದು ಥೆರಪಿ, ಕಾಯಂ ಹುದ್ದೆಯವರಿಂದ.
3. ಥೆರಪಿಗೆ ಬಂದ ದಿನದ ಕೂಲಿ, ತಾಯಿಯ ಅಥವಾ ಕರ್ಕೊಂಡು ಬಂದವರ ಖಾತೆಗೆ.
4. ರೆಫರಲ್ ರಿಜಿಸ್ಟರಲ್ಲಿ ಇನ್ನೆರಡು ಕಲಂ: ಮಗು ತಲುಪಿತೇ? ಆರು ತಿಂಗಳಾದ ಮೇಲೂ ಬರುತ್ತಿದೆಯೇ? ಬರದಿದ್ರೆ ಯಾರು ಮನೆಗೆ ಹೋಗಿ ವಿಚಾರಿಸಿದ್ರು ಅನ್ನೋದೂ ದಾಖಲಾಗಬೇಕು.

ನಾವು ಇವತ್ತೇ ಮಾಡಬಹುದಾದ ಕೆಲಸವೂ ಇದೆ. ಕೇರಿಯ ಮನೆಗಳಲ್ಲಿ ತಾಯಿ ಕಾರ್ಡ್ ತೆಗೆಸಿ ನೋಡಿ, ಯಾವ ತಿಂಗಳಿಗೆ ಮಗು ಏನು ಮಾಡಬೇಕು ಅಂತ ಚಿತ್ರ ಸಮೇತ ಇರುತ್ತೆ. ಐದು ತಿಂಗಳಾದ್ರೂ ಕತ್ತು ನಿಲ್ಲದಿದ್ರೆ, ವರ್ಷ ತುಂಬಿದ್ರೂ ಹೆಸರು ಕೂಗಿದಾಗ ತಿರುಗದಿದ್ರೆ, ಎರಡು ವರ್ಷಕ್ಕೂ ಎರಡು ಪದ ಜೋಡಿಸದಿದ್ರೆ, "ಅವರಪ್ಪನಿಗೂ ಮಾತು ತಡವಾಗೇ ಬಂತು" ಅಂತ ಕಾಯೋದು ಬೇಡ. ಆಶಾ ಅಕ್ಕನನ್ನ ಜೊತೆಗೆ ಕರ್ಕೊಂಡು ಹೊರಡಿ. ಸರ್ಟಿಫಿಕೇಟ್ ಆಗಿರೋ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯದ ಮಕ್ಕಳಿಗೆ ನಿರಾಮಯ ವಿಮೆ ಮಾಡಿಸಿ. ವರ್ಷಕ್ಕೆ ಒಂದು ಲಕ್ಷದವರೆಗೆ ಇದೆ, ಥೆರಪಿ ಖರ್ಚೂ ಅದರಲ್ಲಿ ಸೇರುತ್ತೆ.

ಇನ್ನೊಂದು, ಆರ್‌ಟಿಐ. 10 ರೂಪಾಯಿ ಪೋಸ್ಟಲ್ ಆರ್ಡರ್, ಬಿಪಿಎಲ್ ಇದ್ರೆ ಅದೂ ಬೇಡ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು, ಇಲ್ಲಾಂದ್ರೆ ಅದೇ ನೆಪದಲ್ಲಿ ವಾಪಸ್ ಕಳಿಸ್ತಾರೆ. ಕಳೆದ ಮೂರು ವರ್ಷಗಳಲ್ಲಿ ನಿಮ್ಮ ತಾಲ್ಲೂಕಿನಿಂದ ಡಿಇಐಸಿಗೆ ಕಳಿಸಿದ ಆರು ವರ್ಷದೊಳಗಿನ ಮಕ್ಕಳೆಷ್ಟು, ತಲುಪಿದವರೆಷ್ಟು, ಅದರಲ್ಲಿ ಎಸ್‌ಸಿ-ಎಸ್‌ಟಿ ಎಷ್ಟು, ಮಂಜೂರಾದ ಹುದ್ದೆಗಳಲ್ಲಿ ಖಾಲಿ ಎಷ್ಟು ಅಂತ ಕೇಳಿ. ಬಂದ ಉತ್ತರ ಹಿಡ್ಕೊಂಡು ಮುಂದಿನ ಎಸ್‌ಸಿ-ಎಸ್‌ಟಿ ಕುಂದುಕೊರತೆ ಸಭೆಗೆ ಹೋಗಿ, ನಡಾವಳಿಯಲ್ಲಿ ಬರೆಸದೆ ಎದ್ದು ಬರಬೇಡಿ.

ಅರ್ಜಿ ಬರೆಯೋಕೆ ಕಷ್ಟ ಆದ್ರೆ ಹೇಳಿ, ನಾನು ಬರೆದುಕೊಡ್ತೀನಿ. ಅದು ನನಗೆ ಬರೋ ಕೆಲಸ.

ಜೈ ಭೀಮ್.